ಬೇಡವಾದವುಗಳ ಪಟ್ಟಿ

ಟರ್ಮಿನಲ್ ತೆರೆದು ಮೇಲಕ್ಕೆ ಮುಖ ಮಾಡಿದ ಬಾಣದ ಕೀಲಿ ಒತ್ತಿದರೆ ಹಿಂದೆ ಟೈಪಿಸಿದ ಕಮ್ಯಾಂಡುಗಳು ಒಂದೊಂದಾಗಿ ಮರಳಿ ಬರುತ್ತವೆ. ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲ ಕೆಲವು ತಿಂಗಳು ಹಾಗೆ ಬರುತ್ತಿದ್ದವುಗಳಲ್ಲಿ ನಾನು ಟೈಪಿಸಿದ್ದು ಕಡಿಮೆ. ಹೆಚ್ಚಿನವು ಅಣ್ಣನವು.

ಅಣ್ಣ ಎಂದರೆ ಒಡಹುಟ್ಟಿದವರಲ್ಲ. ನನಗಿಂತ ನಾಲ್ಕು ವರ್ಷ ಮೊದಲು ನಮ್ಮ ವಿಭಾಗಕ್ಕೆ ಪಿಎಚ್.ಡಿ. ಮಾಡಲು ಬಂದ ಸೀನಿಯರ್. ಗಂಗಾವತಿ ಕಡೆಯವರು. ಹಂತಿ ಹಾಡುಗಳ ಮೇಲೆ ಕೆಲಸ ಮಾಡುತ್ತಿದ್ದರು. ಕಣದಲ್ಲಿ ಮೇಟಿಗೆ ಎತ್ತು ಕಟ್ಟಿ ತೆನೆ ತುಳಿಸುವಾಗ ರಾತ್ರಿಯಿಡೀ ನಿದ್ದೆ ಬಾರದಂತೆ ಹಾಡುತ್ತಿದ್ದ ಹಾಡುಗಳು ಅವು. ಈಗ ರಾಶಿ ಮಾಡಲು ಮಷೀನು ಬಂದಿದೆ, ಹಂತಿ ಕಟ್ಟುವವರಿಲ್ಲ, ಹಾಡಿದವರಿಗೆ ವಯಸ್ಸಾಗಿದೆ. ಅಣ್ಣ ಬೈಕಿನಲ್ಲಿ ಊರೂರು ತಿರುಗಿ ಅಜ್ಜಂದಿರನ್ನು ಕಟ್ಟೆಯ ಮೇಲೆ ಕೂರಿಸಿ ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದರು. ಐದು ವರ್ಷದ ಫೆಲೋಶಿಪ್ 2021ಕ್ಕೆ ಮುಗಿಯಿತು, ಥೀಸಿಸ್ ಮುಗಿಯಲಿಲ್ಲ. ಕೊನೆಯ ಒಂದೂವರೆ ವರ್ಷ ಲಾಕ್‌ಡೌನು ತಿಂದಿತ್ತು. ಆ ಮಳೆಗಾಲದಲ್ಲಿ ರೂಮು ಖಾಲಿ ಮಾಡುವಾಗ ಪುಸ್ತಕಗಳನ್ನು ಜೂನಿಯರ್‌ಗಳಿಗೆ ಹಂಚಿದರು. ನನ್ನ ಪಾಲಿಗೆ ಬಂದದ್ದು ಈ ಲ್ಯಾಪ್‌ಟಾಪು.

"ವಿಂಡೋಸ್ ಇಲ್ಲ ತಂಗಿ, ಉಬುಂಟು ಐತಿ. ಹೆದರಬ್ಯಾಡ, ಕೇಳಿದ್ದು ಕೊಡ್ತೈತಿ" ಎಂದು ಬಸ್ ಟಿಕೆಟ್ಟಿನ ಹಿಂದೆ ಪಾಸ್‌ವರ್ಡ್ ಬರೆದುಕೊಟ್ಟರು. ಬೇರೆ ಅಕೌಂಟ್ ಮಾಡಿಕೊಳ್ಳುವ ಸೋಮಾರಿತನಕ್ಕೆ ನಾನು ಅವರದರಲ್ಲೇ ಉಳಿದೆ. ಹಾಗಾಗಿ ಟರ್ಮಿನಲ್ ತೆರೆದಾಗಲೆಲ್ಲ ಮೊದಲು ಕಾಣುವುದು ಅವರ ಹೆಸರು.

ಅಲ್ಲಿಯವರೆಗೆ ಸಾಫ್ಟ್‌ವೇರ್ ಹಾಕುವುದೆಂದರೆ ನನಗೆ ಗೊತ್ತಿದ್ದದ್ದು ನಮ್ಮ ತಾಲೂಕಿನ ಕಂಪ್ಯೂಟರ್ ಸೆಂಟರಿನ ವಿದ್ಯೆ: ಯಾರೋ ಕೊಟ್ಟ ಸಿಡಿ, ಅದರೊಳಗೊಂದು ಸೆಟಪ್ ಫೈಲು, ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ಜೊತೆಗೆ ಬಂದ ವೈರಸ್ಸು ಲೆಕ್ಕಕ್ಕಿಲ್ಲ. ಇಲ್ಲಿ ಹಾಗಲ್ಲ. ಹಳೆಯ ಪತ್ರಿಕೆಗಳ ಸ್ಕ್ಯಾನ್ ಮಾಡಿದ ಪುಟಗಳಿಂದ ಅಕ್ಷರ ಎತ್ತಿಕೊಡುವ ಟೆಸೆರಾಕ್ಟ್ ನನಗೆ ಬೇಕಿತ್ತು. 'ಸುಡೋ ಆಪ್ಟ್ ಇನ್‌ಸ್ಟಾಲ್' ಎಂದು ಬರೆದು, ಮುಂದೆ ಅದರ ಹೆಸರನ್ನೂ ಅದರ ಕನ್ನಡ ದತ್ತಾಂಶದ ಹೆಸರನ್ನೂ ಹಾಕಿದೆ. ಒಂದು ಕ್ಷಣ ಯೋಚಿಸಿ, ನೀವು ಕೇಳಿದ್ದು ಇಷ್ಟು, ಆದರೆ ಜೊತೆಗೆ ಇವರೂ ಬರಬೇಕು ಎಂದು ಒಂದು ಪಟ್ಟಿ ಕೊಟ್ಟಿತು. ಚಿತ್ರ ಓದುವ ಒಂದು ಲೈಬ್ರರಿ, ಪುಟ ಯಾವ ದಿಕ್ಕಿಗಿದೆ ಎಂದು ಗುರುತಿಸುವ ಒಂದು ಕಡತ, ನಾನು ಕೇಳದಿದ್ದ ಇಂಗ್ಲಿಷು. ಹೂಂ ಎಂದೆ. ಎರಡು ನಿಮಿಷದಲ್ಲಿ 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿ 2005ರಲ್ಲಿ ಎಲ್ಲರಿಗೂ ಮುಕ್ತವಾದ ಒಂದು ತಂತ್ರಾಂಶ ನನ್ನ ಹಾಸ್ಟೆಲ್ ಮೇಜಿನ ಮೇಲೆ ಕನ್ನಡ ಓದತೊಡಗಿತು. ಮ ಇದ್ದಲ್ಲಿ ವು ಎಂದೂ, ವ ಇದ್ದಲ್ಲಿ ಪ ಎಂದೂ ಓದಿತು, ಅದಿರಲಿ. ನಮ್ಮ ಒತ್ತಕ್ಷರ ಎಂಥವರನ್ನೂ ಎಡವಿಸುತ್ತದೆ.

ಈ ಪ್ಯಾಕೇಜು ಎಂಬುದರ ಒಳಗೆ ತಂತ್ರಾಂಶವಷ್ಟೇ ಇರುವುದಿಲ್ಲ, ಅದರ ಸಂಬಂಧಗಳ ವಿವರವೂ ಇರುತ್ತದೆ. ಅದನ್ನು ತೆರೆದು ಓದುವುದು ನನಗೆ ಚಟವೇ ಆಗಿಹೋಯಿತು. 'ಡಿಪೆಂಡ್ಸ್' ಎಂದು ಒಂದು ಸಾಲು: ಇವರಿಲ್ಲದೆ ನಾನು ಬರುವುದೇ ಇಲ್ಲ. 'ರೆಕಮೆಂಡ್ಸ್': ಇವರನ್ನು ಬಿಟ್ಟು ಬಂದರೆ ಚೆನ್ನಾಗಿರುವುದಿಲ್ಲ. 'ಸಜೆಸ್ಟ್ಸ್': ನಿಮಗೆ ಅನುಕೂಲವಿದ್ದರೆ ಕರೆಯಿರಿ. 'ಕಾನ್‌ಫ್ಲಿಕ್ಟ್ಸ್': ಅವರಿದ್ದ ಮನೆಗೆ ನಾನು ಕಾಲಿಡುವುದಿಲ್ಲ. ನಮ್ಮಮ್ಮ ಮದುವೆಗೆ ಕರೆಯೋಲೆ ಕೊಡಲು ಹೊರಡುವ ಮುನ್ನ ಹಾಳೆಯ ಮೇಲೆ ಬರೆದುಕೊಳ್ಳುವುದೂ ಹೆಚ್ಚು ಕಡಿಮೆ ಇದನ್ನೇ.

ಕೆಲವೊಮ್ಮೆ ಯಂತ್ರ ತನ್ನಷ್ಟಕ್ಕೆ ಅಪ್‌ಡೇಟ್ ಮಾಡಿಕೊಳ್ಳುತ್ತಿರುವಾಗ ನಾವು ಹೋಗಿ ಏನಾದರೂ ಕೇಳಿದರೆ, ಬೀಗ ಸಿಗಲಿಲ್ಲ ಎಂದು ವಾಪಸ್ ಕಳಿಸುತ್ತದೆ. ಬೆಳಿಗ್ಗೆ ಏಳೂವರೆಗೆ ಹಾಸ್ಟೆಲ್ ಬಚ್ಚಲಿನ ಮುಂದೆ ಬಕೆಟ್ ಹಿಡಿದು ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮತ್ತೆ ಈ ಆಪ್ಟ್ ಎನ್ನುವುದಕ್ಕೆ ಸಹಾಯ ಕೇಳಿದರೆ ಕೊನೆಯ ಸಾಲಿನಲ್ಲಿ, ತನಗೆ ಸೂಪರ್ ಹಸುವಿನ ಶಕ್ತಿ ಇದೆ ಎಂದು ಹೇಳಿಕೊಳ್ಳುತ್ತದೆ. 'ಆಪ್ಟ್ ಮೂ' ಎಂದರೆ ಅಕ್ಷರಗಳಲ್ಲೇ ಬರೆದ ಒಂದು ಹಸು ಬಂದು, ಇವತ್ತು ನೀವು ಅಂಬಾ ಅಂದಿರಾ ಎಂದು ಕೇಳುತ್ತದೆ. ಮಾಡಿದವರ ತಮಾಷೆ. ಕೇಳಿದ್ದು ಕೊಡುವ ಹಸುವಿಗೆ ನಮ್ಮಲ್ಲಿ ಬೇರೆ ಹೆಸರೇ ಇದೆ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಉಬುಂಟು ಹುಟ್ಟಿದ್ದು 2004ರಲ್ಲಿ, ಅದರ ತಾಯಿಬೇರು ಡೆಬಿಯನ್. ಇಯನ್ ಮರ್ಡಾಕ್ ಎಂಬ ವಿದ್ಯಾರ್ಥಿ 1993ರ ಆಗಸ್ಟಿನಲ್ಲಿ ಶುರುಮಾಡಿದ್ದು ಅದು. ಆಗಿನ ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಸೇರಿಸಿ ಡೆಬಿಯನ್ ಎಂದ. ಅವರು ಮದುವೆಯಾದರು, ಬೇರೆಯೂ ಆದರು, 2015ರ ಕೊನೆಗೆ ಮರ್ಡಾಕ್ ತೀರಿಕೊಂಡ. ಹೆಸರು ಮಾತ್ರ ಹಾಗೆಯೇ ಇದೆ. ಡೆಬಿಯನ್ನಿನ ಹನ್ನೆರಡನೆಯ ಆವೃತ್ತಿಯಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಪ್ರತಿಯೊಂದನ್ನೂ ಯಾರೋ ಒಬ್ಬರು, ಹೆಚ್ಚಿನವರು ಸಂಬಳವಿಲ್ಲದೆ, ನೋಡಿಕೊಳ್ಳುತ್ತಾರೆ. ಕನ್ನಡದ ಗುಬ್ಬಿ, ನವಿಲು ಎಂಬ ಎರಡು ಫಾಂಟುಗಳೂ ಆ ರಾಶಿಯಲ್ಲಿವೆ. ಅಣ್ಣ ಎರಡನ್ನೂ ಹಾಕಿಟ್ಟಿದ್ದರು. ನನ್ನ ಮೊದಲ ಅಧ್ಯಾಯ ಬರೆದದ್ದು ನವಿಲಿನಲ್ಲಿ.

ತೊಂದರೆ ಶುರುವಾದದ್ದು ಜಾಗದ್ದು. ಅಣ್ಣ ಡಿಸ್ಕನ್ನು ಎರಡು ಭಾಗ ಮಾಡಿ, ಸಿಸ್ಟಮಿಗೆಂದು 20 ಜಿಬಿಯಷ್ಟೇ ಇಟ್ಟಿದ್ದರು. 2022ರ ಬೇಸಿಗೆಯಲ್ಲಿ ಥೀಸಿಸ್ಸಿನ ಅಡಿಟಿಪ್ಪಣಿಗಳ ಕಾಟ ತಾಳಲಾರದೆ ಲೇಟೆಕ್ ಕಲಿಯಲು ಹೊರಟೆ. ಅದರ ಪೂರ್ತಿ ಪರಿವಾರಕ್ಕೆ ಐದಾರು ಜಿಬಿ ಬೇಕಿತ್ತು. ಇದ್ದದ್ದು ಒಂದೂ ಇಲ್ಲ. ಹಾಗಾದರೆ ನನಗೆ ಬೇಡವಾದದ್ದನ್ನು ತೆಗೆಯೋಣ ಎಂದು ಬಾಣದ ಕೀಲಿ ಒತ್ತುತ್ತ ಅಣ್ಣ ಏನೇನು ಹಾಕಿದ್ದರು ಎಂದು ನೋಡುತ್ತ ಹೋದೆ. ಧ್ವನಿ ತಿದ್ದುವ ಆಡಾಸಿಟಿ. ಮಾತಿನ ಏರಿಳಿತ ಅಳೆಯುವ ಪ್ರಾಟ್. ವಿಡಿಯೋ ಕತ್ತರಿಸುವ ಎರಡು ತಂತ್ರಾಂಶ. ನನ್ನದು ಮುದ್ರಿತ ಪತ್ರಿಕೆಗಳ ಕೆಲಸ, ಧ್ವನಿಯಿಂದ ನನಗೇನಾಗಬೇಕು? ಒಂದೊಂದಾಗಿ 'ರಿಮೂವ್' ಎಂದೆ. ಅವರನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲ. ಅನ್ನಿಸಿತು, ಆದರೆ ಅವರು ಹೋಗಿ ವರ್ಷವಾಗುತ್ತ ಬಂದಿತ್ತು, ಅಷ್ಟರಲ್ಲಿ ನಾನು ಒಮ್ಮೆಯೂ ಫೋನು ಮಾಡಿರಲಿಲ್ಲ. ಇದೊಂದಕ್ಕಾಗಿ ಹೇಗೆ ಮಾಡುವುದು?

ತೆಗೆಯುವುದರಲ್ಲಿ ಒಂದು ಸಂಗತಿ ಇದೆ. ಹಾಕುವಾಗಲೇ ಯಂತ್ರ ಪ್ರತಿಯೊಂದರ ಮೇಲೆ ಗುರುತು ಮಾಡಿರುತ್ತದೆ: ಇದನ್ನು ಯಜಮಾನರು ಹೆಸರು ಹಿಡಿದು ಕೇಳಿದ್ದು, ಇದು ಇನ್ನೊಂದರ ಸಲುವಾಗಿ ತಾನಾಗಿ ಬಂದದ್ದು. ಕೇಳಿದ್ದನ್ನು ನೀವು ತೆಗೆದರೆ, ಅದರ ಹಿಂದೆ ಬಂದವುಗಳು ಉಳಿಯುತ್ತವೆ. ಆಮೇಲೆ ನೀವು ಏನೇ ಕೆಲಸಕ್ಕೆ ಕರೆದರೂ ಆಪ್ಟ್ ಮೊದಲು ಒಂದು ಪಟ್ಟಿ ಓದುತ್ತದೆ: ಇವು ತಾವಾಗಿ ಬಂದವು, ಈಗ ಬೇಡವಾಗಿವೆ, 'ಆಟೋರಿಮೂವ್' ಎಂದರೆ ಕಳಿಸಿಬಿಡುತ್ತೇನೆ. ನಡುಮನೆಯಲ್ಲಿ ಕೂತ ಅತ್ತೆಯೊಬ್ಬರು ಬಂದು ಹೋಗುವವರಿಗೆಲ್ಲ ಅದೇ ದೂರು ಹೇಳಿದಂತೆ. ಆ ಪಟ್ಟಿಯಲ್ಲಿದ್ದ ಯಾವುದನ್ನಾದರೂ ಉಳಿಸಿಕೊಳ್ಳಬೇಕೆಂದರೆ ಮತ್ತೇನೂ ಮಾಡಬೇಕಾಗಿಲ್ಲ, ಇನ್‌ಸ್ಟಾಲ್ ಎಂದು ಅದರ ಹೆಸರು ಹಿಡಿದು ಒಮ್ಮೆ ಕರೆದರೆ ಸಾಕು. ಇದು ಆಗಲೇ ಇದೆಯಲ್ಲ, ಸರಿ, ನೀವು ಕೇಳಿದ್ದೆಂದೇ ಬರೆದುಕೊಳ್ಳುತ್ತೇನೆ ಅನ್ನುತ್ತದೆ. ಆಗ ನನಗಿದು ಗೊತ್ತಿರಲಿಲ್ಲ. ಆಟೋರಿಮೂವ್ ಎಂದೆ, ಸಾಲು ಸಾಲಾಗಿ ಹೋದವು.

ಇಷ್ಟು ಸಲೀಸಾಗಿ ಆಗಿದ್ದೇ ನನಗೆ ಧೈರ್ಯ ಬರಲು ಕಾರಣ. ಜುಲೈನಲ್ಲಿ ಫೆಲೋಶಿಪ್ಪನ್ನು ಜೆಆರ್‌ಎಫ್‌ನಿಂದ ಎಸ್‌ಆರ್‌ಎಫ್‌ಗೆ ಏರಿಸುವ ಸಮಿತಿಯ ಮುಂದೆ ಎರಡು ವರ್ಷದ ಕೆಲಸ ಮಂಡಿಸಬೇಕಿತ್ತು. ಸೋಮವಾರ ಸಭೆ. ಶುಕ್ರವಾರ ರಾತ್ರಿ, ಟೆಸೆರಾಕ್ಟ್ ಮಾಡಿದ ತಪ್ಪುಗಳನ್ನು ತಿದ್ದಲು ಸಿಕ್ಕಿದ ಒಂದು ಸ್ಕ್ರಿಪ್ಟು, ನಿನ್ನ ಪೈಥಾನ್ ಹಳೆಯದು ಎಂದು ಹಟ ಹಿಡಿಯಿತು. ಹಳೆಯದನ್ನು ತೆಗೆದು ಹೊಸದನ್ನು ಹಾಕಿದರಾಯಿತು ಎಂಬುದು ನನ್ನ ತರ್ಕ. ಹಳೆಯ ಸ್ಟೌ ಕೊಟ್ಟು ಹೊಸದು ತರುವುದಿಲ್ಲವೇ. 'ಸುಡೋ ಆಪ್ಟ್ ರಿಮೂವ್ ಪೈಥಾನ್3' ಎಂದೆ. ಉದ್ದದ ಪಟ್ಟಿ ಬಂತು. ಓದಲಿಲ್ಲ. ಕೊನೆಯಲ್ಲಿ ಮುಂದುವರಿಯಲೇ ಎಂದು ಕೇಳುತ್ತದೆ, ಪಕ್ಕದಲ್ಲಿ ದೊಡ್ಡ ವೈ, ಸಣ್ಣ ಎನ್. ದೊಡ್ಡಕ್ಷರದಲ್ಲಿರುವುದು ಡೀಫಾಲ್ಟ್, ಸುಮ್ಮನೆ ಎಂಟರ್ ಒತ್ತಿದರೂ ಹೌದೆಂದೇ ಅರ್ಥ. ಒತ್ತಿದೆ.

ಸಿಸ್ಟಮಿನ ಜೀವವೇ ಅಡಗಿರುವ ಕೆಲವು ಪ್ಯಾಕೇಜುಗಳನ್ನು ತೆಗೆಯಲು ಹೋದರೆ ಆಗಿನ ಆಪ್ಟ್ ಬರೀ ಹೂಂ ಎಂದರೆ ಒಪ್ಪುತ್ತಿರಲಿಲ್ಲ. 'ಯೆಸ್, ಡೂ ಆ್ಯಸ್ ಐ ಸೇ!' ಎಂದು ಆಶ್ಚರ್ಯಸೂಚಕ ಚಿಹ್ನೆ ಸಮೇತ ಇಡೀ ವಾಕ್ಯ ಬರೆಯಿಸಿಕೊಳ್ಳುತ್ತಿತ್ತು. ಪೈಥಾನ್ ಆ ಸಾಲಿಗೆ ಸೇರಿದ್ದಲ್ಲ. ಆದರೆ ಉಬುಂಟುವಿನ ಡೆಸ್ಕ್‌ಟಾಪ್ ಅದನ್ನು ನೆಚ್ಚಿಕೊಂಡಿದೆ, ಡೆಸ್ಕ್‌ಟಾಪನ್ನು ನೆಚ್ಚಿಕೊಂಡವು ಇನ್ನೆಷ್ಟೋ. ಬುಡದವನು ಹೊರಟರೆ ಮೇಲಿನವರೆಲ್ಲ ಹಿಂದೆ ಹೊರಡಲೇಬೇಕು. ತಮಾಷೆಯೆಂದರೆ ತಕ್ಷಣಕ್ಕೆ ಏನೂ ಆಗಲಿಲ್ಲ. ತೆರೆದಿದ್ದ ಕಿಟಕಿಗಳು ಹಾಗೆಯೇ ಇದ್ದವು, ಮೆಮೊರಿಯಲ್ಲಿ ಉಳಿದಿದ್ದರಿಂದ. ರೀಸ್ಟಾರ್ಟ್ ಮಾಡಿದೆ. ಕಪ್ಪು ಪರದೆ, ಎಡಮೂಲೆಯಲ್ಲಿ 'ಲಾಗಿನ್' ಎಂಬ ಒಂದು ಪದ, ಮಿಣುಕುವ ಗೆರೆ.

ಅಣ್ಣನ ಹೆಸರು, ಬಸ್ ಟಿಕೆಟ್ಟಿನ ಪಾಸ್‌ವರ್ಡು ಹಾಕಿ ಒಳಗೆ ಹೋದೆ. ಕಡತಗಳ ಪಟ್ಟಿ ಕೇಳಿದೆ. ಕನ್ನಡದಲ್ಲಿ ಹೆಸರಿಟ್ಟಿದ್ದ ನನ್ನ ಅಧ್ಯಾಯಗಳ ಜಾಗದಲ್ಲಿ ಬರೀ ಚೌಕಗಳು. ಪೆನ್‌ಡ್ರೈವಿನಲ್ಲಿದ್ದ ಪ್ರತಿ ಎರಡು ತಿಂಗಳು ಹಳೆಯದು. ಅಂಗೈ ಬೆವರಿ ಕೀಲಿಗಳು ಜಾರುತ್ತಿದ್ದವು. ರಾತ್ರಿ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ವರ್ಷದ ನಂತರ ಮೊದಲ ಸಲ ಆ ನಂಬರು ಒತ್ತಿದೆ.

"ಏನ್ ತಂಗಿ, ಇಷ್ಟೊತ್ತಿಗೆ? ಅರಾಮ ಅದೀಯಿಲ್ಲ?"

ಅರಾಮದ ಮಾತಾಡದೆ ನೇರ ವಿಷಯಕ್ಕೆ ಬಂದೆ. ಅವರು ನಕ್ಕರು. ಬೈಯುತ್ತಾರೆ ಅಂದುಕೊಂಡಿದ್ದೆ.

"ಫೈಲ್ ಹೋಗ್ಯಾವೇನು ಅಣ್ಣ? ಬರೀ ಡಬ್ಬಿ ಡಬ್ಬಿ ಕಾಣ್ತಿವೆ" ಎಂದೆ, ನನಗೇ ತಿಳಿಯದೆ ಅವರ ಭಾಷೆ ಅರ್ಧ ಬೆರೆಸಿ.

"ಆ ಕರೇ ಸ್ಕ್ರೀನಿಗೆ ಕನ್ನಡ ಬರೂದಿಲ್ಲ, ಅಷ್ಟ. ಪ್ಯಾಕೇಜ್ ತಗದ್ರ ಅದು ಮನಿಗೆ ಕೈ ಹಚ್ಚೂದಿಲ್ಲ. ಹೋಮ್ ಹಂಗ ಇರ್ತೈತಿ. ನೆಟ್ ಐತೇನು?"

ಹಾಸ್ಟೆಲಿನ ವೈಫೈಗೆ ಲಾಗಿನ್ ಆಗಲು ಬ್ರೌಸರಿನಲ್ಲಿ ಒಂದು ಪುಟ ತೆರೆಯಬೇಕು. ಬ್ರೌಸರ್ ತೆರೆಯಲು ಪರದೆ ಬೇಕು. ಪರದೆ ಬರಲು ವೈಫೈ ಬೇಕು. ಕೊನೆಗೆ ಮೊಬೈಲನ್ನು ಕೇಬಲ್ಲಿನಿಂದ ಸಿಕ್ಕಿಸಿ ಅದರ ಡೇಟಾ ಕೊಡಲು ಅಣ್ಣ ಹೇಳಿದರು. ಆ ದಿನದ ಒಂದೂವರೆ ಜಿಬಿಯಲ್ಲಿ ಉಳಿದದ್ದು ಇನ್ನೂರು ಚಿಲ್ಲರೆ ಎಂಬಿ.

"ಹಂಗಾರ ಹನ್ನೆರಡು ಹೊಡೀಲಿ. ಹೊಸಾ ದಿನದ್ದು ಬರ್ತೈತಿ. ಅಲ್ಲೀತನಕ ಒಂದು ಫೈಲ್ ತಗಿ."

ಅವರು ತೆಗೆಸಿದ್ದು ಆಪ್ಟ್ ಬರೆದುಕೊಳ್ಳುವ ದಿನಚರಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಕಮ್ಯಾಂಡಿನಿಂದ ಯಾವುದು ಬಂತು, ಯಾವುದು ಹೋಯಿತು ಎಂದು ಅದರಲ್ಲಿ ದಾಖಲಾಗಿರುತ್ತದೆ. ಹಳೆಯವನ್ನು ತಿಂಗಳಿಗೊಂದರಂತೆ ಮಡಚಿ ಒಂದು ವರ್ಷದಷ್ಟು ಇಟ್ಟುಕೊಂಡಿರುತ್ತದೆ. ಕೊನೆಯಲ್ಲಿ ಇತ್ತು ನನ್ನ ಸಾಹಸ, ಸೆಕೆಂಡಿನ ಸಮೇತ. ಅದರ ಕೆಳಗೆ 'ರಿಮೂವ್' ಎಂಬ ಸಾಲು ಪರದೆಯನ್ನೆಲ್ಲ ತುಂಬಿತ್ತು. ನಾನು ಓದದೆ ಬಿಟ್ಟ ಪಟ್ಟಿ.

"ಅದರಾಗ ಏನೇನ್ ಐತಿ, ಒಂದೊಂದ ಓದು. ಗಡಬಡಿ ಮಾಡಬ್ಯಾಡ."

ಹನ್ನೆರಡಾಗುವವರೆಗೆ ನಾನು ಓದಿದೆ, ಅವರು ಕೇಳಿದರು. ನಡುನಡುವೆ, ಇದು ಬೇಕು, ಇದು ಇರದಿದ್ರೂ ನಡೀತೈತಿ ಎನ್ನುತ್ತಿದ್ದರು. ಹನ್ನೆರಡಕ್ಕೆ ಫೋನು ಮೊಬೈಲ್ ಕೆಲಸ ಬಿಟ್ಟು ಮೋಡೆಮ್ ಕೆಲಸಕ್ಕೆ ನಿಂತಿತು. ರೂಮ್‌ಮೇಟಿನ ಫೋನಿನಿಂದ ಮತ್ತೆ ಅಣ್ಣನಿಗೆ ಮಾಡಿದೆ. ಪೈಥಾನ್3, ಅದರ ಹಿಂದೆ ಉಬುಂಟು-ಡೆಸ್ಕ್‌ಟಾಪ್. ನೂರಾರು ಎಂಬಿ ನಿಧಾನವಾಗಿ ಇಳಿಯತೊಡಗಿತು. ಆ ಹೊತ್ತಿನಲ್ಲಿ ಮಾತಾಡಲು ಬೇರೇನಾದರೂ ಬೇಕಲ್ಲ. ಈಗೇನು ಮಾಡುತ್ತಿದ್ದೀರಿ ಅಣ್ಣ ಎಂದು ಕೇಳಿದೆ. ವರ್ಷದ ಹಿಂದೆಯೇ ಕೇಳಬೇಕಿದ್ದ ಪ್ರಶ್ನೆ.

ಊರಲ್ಲಿ ಮಾವನ ಜೊತೆ ಸೇರಿ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಮದುವೆ ಕಾರ್ಡು, ಜಾತ್ರೆ ಹ್ಯಾಂಡ್‌ಬಿಲ್ಲು, ಪಹಣಿಯ ನಕಲು. "ಮತ್ತ ಥೀಸಿಸ್ ಟೈಪ್ ಮಾಡ್ತೀನಿ. ಪೇಜಿನ ಲೆಕ್ಕ. ಈ ವರ್ಷ ಮೂರು ಮುಗಿಸೀನಿ ನೋಡು" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಶೇಕಡಾ 61, 62 ಎಂದು ಪರದೆ ಎಣಿಸುತ್ತಿತ್ತು.

ಎರಡೂವರೆಗೆ ಡೆಸ್ಕ್‌ಟಾಪ್ ಎದ್ದಿತು. ಚೌಕಗಳಿದ್ದಲ್ಲಿ ಅಧ್ಯಾಯಗಳು ಬಂದವು. ಸೋಮವಾರದ ಸಭೆ ಹೇಗೋ ಆಯಿತು. ಸಮಿತಿಯವರು ಕೇಳಿದ ಪ್ರಶ್ನೆಗಳಿಗೂ ನಾನು ಎರಡು ವರ್ಷ ಓದಿದ್ದಕ್ಕೂ ಹೆಚ್ಚು ಸಂಬಂಧವಿರಲಿಲ್ಲ, ಫೆಲೋಶಿಪ್ ಮಾತ್ರ ಮುಂದುವರಿಯಿತು.

ಆ ವಾರವೇ ಕೂತು, ಏನೇನು ಎಲ್ಲೆಲ್ಲಿ ಉಳಿದಿದೆ ಎಂದು ಶಿಸ್ತಿನಿಂದ ನೋಡಿದೆ. 'ರಿಮೂವ್' ಎಂದರೆ ಪೂರ್ತಿ ಹೋಗುವುದಿಲ್ಲ. ತಂತ್ರಾಂಶ ಹೋಗುತ್ತದೆ, ಅದರ ಸೆಟ್ಟಿಂಗಿನ ಕಡತಗಳು ಉಳಿಯುತ್ತವೆ, ನಾಳೆ ಮತ್ತೆ ಕರೆದರೆ ಬೇಕಾದೀತೆಂದು. ಪಟ್ಟಿಯಲ್ಲಿ ಅಂಥವುಗಳ ಮುಂದೆ 'ಆರ್‌ಸಿ' ಎಂಬ ಎರಡು ಅಕ್ಷರ: ತೆಗೆದಿದೆ, ಸೆಟ್ಟಿಂಗು ಇದೆ. ಪೂರ್ತಿ ಅಳಿಸಲು 'ಪರ್ಜ್' ಎನ್ನಬೇಕು. ಪರ್ಜ್ ಕೂಡ ಮನೆಯ ಹೊಸ್ತಿಲು ದಾಟುವುದಿಲ್ಲ. ಹೋಮ್ ಫೋಲ್ಡರಿನಲ್ಲಿ ತಂತ್ರಾಂಶಗಳು ತಮಗಾಗಿ ಮಾಡಿಕೊಂಡ, ಚುಕ್ಕಿಯಿಂದ ಶುರುವಾಗುವ ಗುಪ್ತ ಫೋಲ್ಡರುಗಳು ಹಾಗೆಯೇ ಬಿದ್ದಿರುತ್ತವೆ. ಅವನ್ನು ಕಾಣಿಸು ಎಂದೆ. ನಾನು ತೆಗೆದು ಹಾಕಿದ್ದ ಆಡಾಸಿಟಿಯದ್ದೂ ಒಂದಿತ್ತು.

ಅದರೊಳಗಿನದು ಒಂದು ಸಾದಾ ಪಠ್ಯ ಕಡತ. ಯಾವ ಮೈಕು, ಯಾವ ವೇಗ ಎಂಬ ಸಾಲುಗಳ ನಡುವೆ, ಇತ್ತೀಚೆಗೆ ತೆರೆದ ಫೈಲುಗಳು ಎಂಬ ಭಾಗ. ಸಾಲಾಗಿ ಹೆಸರುಗಳು. ಪ್ರತಿಯೊಂದರಲ್ಲೂ ಹಂತಿ ಎಂಬ ಪದ, ಆಮೇಲೆ ಒಂದು ಊರು, ಹಾಡಿದವರ ಹೆಸರು, ತಾರೀಖು. ಒಂದರ ಕೊನೆಗೆ 'ಅರ್ಧ' ಎಂದಿತ್ತು. ಇನ್ನೊಂದರ ಕೊನೆಗೆ 'ಕೆಮ್ಮು, ಮತ್ತೆ ಹೋಗಬೇಕು'. ಫೈಲುಗಳು ಈ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ದಾರಿ ತೋರಿಸುತ್ತಿದ್ದದ್ದು ಯಾವುದೋ ಹೊರಗಿನ ಡಿಸ್ಕಿಗೆ. ಕೊನೆಯ ತಾರೀಖು 2020ರ ಮಾರ್ಚ್ ಮೊದಲ ವಾರದ್ದು.

ಡೆಬಿಯನ್ನಿನವರಲ್ಲಿ ಒಂದು ಪದ್ಧತಿ ಇದೆ. ಪ್ಯಾಕೇಜನ್ನು ನೋಡಿಕೊಳ್ಳುವವರು ಕೈಬಿಟ್ಟರೆ ಅದನ್ನು ಅನಾಥ ಎಂದು ಎಲ್ಲರಿಗೂ ಕಾಣುವ ಹಾಗೆ ಪಟ್ಟಿಯಲ್ಲಿ ಬರೆಯುತ್ತಾರೆ. ಅವರು ಬಳಸುವ ಪದವೇ ಅದು. ಪೂರ್ತಿ ಬಿಡುವ ಮೊದಲೇ, ನನ್ನಿಂದ ಆಗುತ್ತಿಲ್ಲ, ಯಾರಾದರೂ ದತ್ತು ತೆಗೆದುಕೊಳ್ಳಿ ಎಂದು ಬರೆಯುವುದಕ್ಕೂ ಒಂದು ಗುರುತಿದೆ. ನಾನು ತೆಗೆದುಕೊಳ್ಳುತ್ತೇನೆ ಎನ್ನುವುದಕ್ಕೂ ಒಂದಿದೆ. ಯಾಕೆ ಬಿಟ್ಟೆ ಎಂದು ಯಾರೂ ವಿವರಣೆ ಕೇಳುವುದಿಲ್ಲ. ನಮ್ಮ ವಿಭಾಗದ ನೋಟಿಸ್ ಬೋರ್ಡಿನಲ್ಲಿ ಪದವಿ ಪಡೆದವರ ಹೆಸರು ವರ್ಷದ ಸಮೇತ ಇವೆ. ಅಣ್ಣನದು ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆಯ ಕೆಳಗೆ ಇತ್ತು. ಮರುವರ್ಷ ಹೊಸ ಪುಸ್ತಕ ಬಂತು.

ಎರಡು ದಿನ ಬಿಟ್ಟು ಫೋನು ಮಾಡಿದೆ. ಅಂಗಡಿಯಲ್ಲಿದ್ದರು, ಹಿಂದೆ ಜೆರಾಕ್ಸ್ ಮಷೀನಿನ ಸದ್ದು.

"ಅಣ್ಣ, ಆ ಹಂತಿ ರೆಕಾರ್ಡಿಂಗ್ ಎಲ್ಲಿವೆ?"

ಮಷೀನು ಒಂದೆರಡು ಹಾಳೆ ಉಗುಳಿತು.

"ಅದಾವ. ಡಿಸ್ಕ್ ಇಲ್ಲೇ ಕಪಾಟಿನ್ಯಾಗ ಐತಿ. ತಗದಿಲ್ಲ. ಇಲ್ಲಿ ಸಿಸ್ಟಮಿನ್ಯಾಗ ಫೋಟೋಶಾಪ್ ಬಿಟ್ರ ಏನಿಲ್ಲ." ಸ್ವಲ್ಪ ತಡೆದು, "ಯಾಕ?"

ಸುಮ್ಮನೆ ಕೇಳಬೇಕು ಅನ್ನಿಸಿತು ಎಂದೆ. ಅದು ನಿಜವೂ ಹೌದು. ಗಿರಾಕಿ ಯಾರೋ ಎರಡು ಕಡೆಯೂ ಬೇಕೋ ಒಂದೇ ಕಡೆಯೋ ಎಂದು ವಾದಿಸುತ್ತಿದ್ದರು. ಅವರನ್ನು ಸಾಗಹಾಕಿ ಅಣ್ಣ ಮತ್ತೆ ಫೋನಿಗೆ ಬಂದರು.

"ಬರೂ ವಾರ ನಮ್ಮ ಹುಡುಗ ಒಬ್ಬ ಆ ಕಡೆ ಬರಾಂವ ಅದಾನ. ಅವನ ಕೈಯಾಗ ಕಳಸ್ತೀನಿ. ಎಲ್ಲಾ ಆಡಾಸಿಟಿದು ಅದಾವ, ಹಳೇ ನಮೂನಿ. ಅದರಾಗ ಆಡಾಸಿಟಿ ಐತಿಲ್ಲ ಇನ್ನಾ?"

"ಇದೆ ಅಣ್ಣ" ಎಂದೆ.

ಫೋನನ್ನು ಕಿವಿ ಹೆಗಲ ನಡುವೆ ಸಿಕ್ಕಿಸಿಕೊಂಡು ಟರ್ಮಿನಲ್ ತೆರೆದೆ. ಬಾಣದ ಕೀಲಿ ಒತ್ತುತ್ತ ಹೋದೆ. ನನ್ನವು ದಾಟಿದವು, ಪೈಥಾನ್ ದಾಟಿತು, ನಾನು ರಿಮೂವ್ ಎಂದದ್ದೆಲ್ಲ ದಾಟಿತು, ಅವರವು ಶುರುವಾದವು. ಅಣ್ಣ ಕೆಮ್ಮಿದ ಅಜ್ಜನ ಬಗ್ಗೆ ಏನೋ ಹೇಳುತ್ತಿದ್ದರು. ಅವರೇ ಎಂದೋ ಟೈಪಿಸಿದ್ದ, ಆಡಾಸಿಟಿ ಹಾಕುವ ಆ ಒಂದು ಸಾಲು ಬಂದಾಗ ನಿಲ್ಲಿಸಿ ಎಂಟರ್ ಒತ್ತಿದೆ. ಜೊತೆಗೆ ಬರಬೇಕಾದವರ ಪಟ್ಟಿ ಬಂತು. ಈ ಸಲ ಓದಿದೆ.